ಸಕ್ಕರೆ ಹಾಕುವ ಹೊತ್ತಿಗೆ ನಡುಗಿದ ನೆಲ

ಶಿರಹಟ್ಟಿಯ ಸೋದರಮಾವನ ಮನೆಯಲ್ಲಿ ಅಂದು ನೆಲ ನಡುಗಿದ್ದು ಎಷ್ಟು ಹೊತ್ತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಾವನ ಪ್ರಕಾರ ಒಂದು ಆಕಳಿಕೆ ಮುಗಿಯುವಷ್ಟು. ಅವನ ಹೆಂಡತಿಯ ಪ್ರಕಾರ ಹಾಲು ಉಕ್ಕಿ ಒಲೆಯೆಲ್ಲ ತುಂಬುವಷ್ಟು. ನನಗೆ ನೆನಪಿರುವುದು ವಾಟಿ ಲೋಟಗಳು ಕಿಣಿಕಿಣಿ ಎಂದ ಸದ್ದು ಮಾತ್ರ. ಅದೂ ನಾನೇ ಕೇಳಿದ್ದೋ, ಬೇರೆಯವರು ಹೇಳಿದ್ದು ಆಮೇಲೆ ನನ್ನ ಕಿವಿಗೆ ಬಂದು ಸೇರಿಕೊಂಡಿತೋ, ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ಭೂವಿಜ್ಞಾನ ಓದಿ ಬಂದವಳು ತನ್ನ ಕಾಲ ಕೆಳಗಿನ ಭೂಕಂಪದ ಬಗ್ಗೆ ಇಷ್ಟು ಹಿಂಜರಿಯುವುದು ನಮ್ಮ ಮನೆಯವರಿಗೆ ಇವತ್ತಿಗೂ ತಮಾಷೆಯ ವಿಷಯ.

ಅಂದು ಮಾವನ ಮಗಳಿಗೆ ಸಕ್ಕರೆ ಹಾಕಲು ಮುಂಡರಗಿಯಿಂದ ಹುಡುಗನ ಕಡೆಯವರು ಬಂದಿದ್ದರು. ಮಾತುಕತೆಯೆಲ್ಲ ಮುಗಿದಿತ್ತು. ಹುಡುಗನ ಸೋದರತ್ತೆ ಹುಡುಗಿಯ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿ. ತಾಯಿಯಿಲ್ಲದ ಅವನನ್ನು ಬೆಳೆಸಿದವರು ಅವರೇ; ಅವರು ಬೇಡವೆಂದರೆ ಆ ಮನೆಯಲ್ಲಿ ಯಾರೂ ಬೇಕೆನ್ನುವುದಿಲ್ಲ. ಅವರು ಸಕ್ಕರೆಯ ಬಟ್ಟಲಿಗೆ ಕೈ ಹಾಕಿದರು. ನೆಲ ಗುಡುಗಿತು. ಎಲ್ಲರೂ ಅಂಗಳಕ್ಕೆ ಓಡಿದೆವು.

ಮರಳಿ ಬಂದು ಪಡಸಾಲೆಯಲ್ಲಿ ಕುಳಿತಾಗ ಬಟ್ಟಲು ಅಲ್ಲೇ ಇತ್ತು. ಸೋದರತ್ತೆ ಅದರ ಕಡೆ ನೋಡಲಿಲ್ಲ.

“ಸಿಟ್ಟಿಗೇಳಬ್ಯಾಡ್ರಿ. ಭೂಮಿತಾಯಿನ ಒಲ್ಲೆ ಅಂದ ಮ್ಯಾಲೆ ನಾವು ಹೂಂ ಅನ್ನೂದು ಹ್ಯಾಂಗ?”

ಮಾತು ಇಷ್ಟು ಚೊಕ್ಕವಾಗಿತ್ತೇ? ನಾನು ಈ ಕತೆಯನ್ನು ಹತ್ತಾರು ಊಟಗಳಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಹೊಳಪು ಬಂದಿರಬೇಕು. ಆದರೆ ಮಾವನ ಮುಖ ಇಳಿದದ್ದು ಖಂಡಿತ ನಿಜ.

ಹುಡುಗಿ ನನ್ನನ್ನು ಅಡುಗೆಮನೆಗೆ ಎಳೆದಳು. ಆ ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಅದಕ್ಕೂ ಮೊದಲು ನೋಡಲು ಬಂದವರು ಯಾರೂ ಮನಸ್ಸಿಗೆ ಬಂದಿರಲಿಲ್ಲ.

“ಅಕ್ಕಾ, ಅದು ಲಾರಿ ಅನ್ನು. ದೊಡ್ಡ ಲಾರಿ ಹೋತು ಅನ್ನು.”

“ಲಾರಿ ಯಾರಿಗೂ ಕಾಣಲಿಲ್ಲಲ್ಲೇ.”

“ಇಷ್ಟ್ ವರ್ಷ ಕಲ್ಲು ಓದಿ ಒಂದ್ ಲಾರಿ ತರಾಕ ಆಗೂದಿಲ್ಲೇನ ನಿನಗ?”

ಲಾರಿ ತರುವ ಧೈರ್ಯ ನನಗಿರಲಿಲ್ಲ. ಬದಲಿಗೆ ರೊಟ್ಟಿ ತಂದೆ: ಒಂದು ಆಗಷ್ಟೇ ಬಡಿದು ಬೇಯಿಸಿದ ಬಿಸಿ ರೊಟ್ಟಿ, ಇನ್ನೊಂದು ಡಬ್ಬಿಯಲ್ಲಿದ್ದ ಕಡಕ್ ರೊಟ್ಟಿ. ಸೋದರತ್ತೆಯ ಮುಂದೆ ಕುಳಿತು ಬಿಸಿ ರೊಟ್ಟಿಯನ್ನು ಎರಡೂ ಕಡೆಯಿಂದ ಒತ್ತಿದೆ. ಅದು ನಡುವೆ ಉಬ್ಬಿ ಮಡಿಚಿಕೊಂಡಿತು. ಭೂಮಿಯ ಆಳದಲ್ಲಿ ಕಲ್ಲು ಹೀಗೆ ಕಾದಿರುತ್ತದೆ, ಒತ್ತಡ ಬಿದ್ದರೆ ನಿಧಾನವಾಗಿ ಬಾಗುತ್ತದೆ, ಇದನ್ನು ಮಡಿಕೆ ಎನ್ನುತ್ತೇವೆ ಎಂದೆ. ಕಡಕ್ ರೊಟ್ಟಿಯನ್ನು ಒತ್ತಿದೆ. ಅದು ಕೊಂಚ ತಡೆಯಿತು, ಆಮೇಲೆ ಚಟ್ಟೆಂದು ಮುರಿಯಿತು. ಮೇಲಿನ ಭೂಕವಚ ಹೀಗೆ ತಣ್ಣಗೆ, ಬಿರುಸಾಗಿರುತ್ತದೆ. ಬಹಳ ಕಾಲ ತಡೆದು ತಡೆದು ಒಮ್ಮೆಗೇ ಮುರಿದು ಸರಿಯುತ್ತದೆ. ಸರಿದ ಆ ಬಿರುಕು ಸ್ತರಭಂಗ, ಸರಿಯುವಾಗಿನ ನಡುಕವೇ ಭೂಕಂಪ.

“ಅಂದ್ರ ಭೂಮಿದು ಮನಸಿನ್ಯಾಗ ಇಟಗೊಳ್ಳೂ ಸ್ವಭಾವ,” ಎಂದು ಅವರು ಹುಡುಗನ ತಂದೆಯ ಕಡೆ ತಿರುಗಿದರು. “ನಿನ್ನಂಗ. ಇರ್ಲಿ, ಅದರ ಕೆಳಗ ಏನೈತಿ?”

“ಮ್ಯಾಂಟಲ್ ಅಂತ ದಪ್ಪ ಪದರ ಐತ್ರಿ. ಅದರ ಕೆಳಗ ಕೇಂದ್ರಗೋಳ. ಅದರ ಹೊರಭಾಗ ಕರಗಿದ ಕಬ್ಬಿಣ, ದ್ರವ.”

“ನಮ್ಮ ಬೋರಿನ್ಯಾಗ ಬರೇ ಧೂಳು ಬಂತು,” ಎಂದ ಮಾವ. “ಈಕಿ ಪುಸ್ತಕದಾಗ ದ್ರವ ಐತಂತ.”

ಮುರಿದದ್ದು ಈ ಪಡಸಾಲೆಯ ಕೆಳಗೇ ಇರಬೇಕಿಲ್ಲ, ಕಂಪನ ಸುತ್ತಲೂ ಹರಡುತ್ತದೆ, ಬೇರೆ ಊರಿಗೂ ತಿಳಿದಿರಬಹುದು ಎಂದೆ. ಮಾವ ಕೂಡಲೇ ಲಕ್ಷ್ಮೇಶ್ವರದ ಗೆಳೆಯನಿಗೆ ಫೋನ್ ಹಚ್ಚಿದ. ಅಲ್ಲಿಯೂ ನಡುಗಿತ್ತು. ಬಾಗಿಲ ಹಿಂದೆ ಹುಡುಗಿ ನನ್ನನ್ನು ಸುಡುವಂತೆ ನೋಡಿದಳು; ಅವಳ ಲಾರಿ ಅಲ್ಲಿಗೆ ಕೆಟ್ಟು ನಿಂತಿತು.

“ಅಲ್ಲೂ ಯಾರರ ಸಕ್ಕರಿ ಹಾಕಾಕತ್ತಿದ್ರೇನು?” ಎಂದು ಕೇಳಿದರು ಸೋದರತ್ತೆ.

“ಇಲ್ರಿ. ಗಡ್ಡ ಮಾಡಿಸ್ಕೊಳ್ಳಾಕ ಕುಂತಿದ್ನಂತ,” ಎಂದ ಮಾವ.

“ಅರ್ಧಕ್ಕ ಎದ್ದು ಬಂದ್ನೇನು?”

“ಓಡಿ ಹೊರಗ ಬಂದ್ನಂತ. ನಿಂತ ಮ್ಯಾಲೆ ಒಳಗ ಹೋಗಿ ಪೂರಾ ಮಾಡಿಸ್ಕೊಂಡ್ನಂತ.”

ಹುಡುಗನ ತಂದೆ ಕೆಮ್ಮಿನ ನೆಪದಲ್ಲಿ ನಕ್ಕರು. ಸೋದರತ್ತೆ ನಗಲಿಲ್ಲ, ಬಟ್ಟಲನ್ನೂ ಮುಟ್ಟಲಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಜಾಣತನವೆಂದು ಈಗ ಹೇಳಿಕೊಳ್ಳಬಹುದು. ಅಂದು ಮಾಡಲು ಬೇರೇನೂ ತೋಚಿರಲಿಲ್ಲ. ಯಂತ್ರವಿಲ್ಲದ ಕಡೆ ಕಂಪನದ ತೀವ್ರತೆಯನ್ನು ಜನರನ್ನು ಕೇಳಿಯೇ ಅಂದಾಜು ಮಾಡುತ್ತಾರೆ: ಏನು ಅಲುಗಿತು, ಏನು ಬಿತ್ತು, ನೀವೇನು ಮಾಡಿದಿರಿ. ಒಬ್ಬೊಬ್ಬರನ್ನೇ ಕೇಳಿದೆ. ಹುಡುಗನ ತಂದೆಗೆ ಫ್ಯಾನು ತೂಗಿದ್ದು ಕಂಡಿತ್ತು. ಹುಡುಗ ಮಾತ್ರ ಮೊದಲು ಒಂದು ಗುದ್ದು, ಆಮೇಲೆ ತೂಗಾಟ ಎಂದು ಸರಿಯಾಗಿ ವಿವರಿಸಿದ. ಮೊದಲು ಮುಟ್ಟುವ ಪ್ರಾಥಮಿಕ ಅಲೆ, ಅದರ ಹಿಂದೆ ಬರುವ ದ್ವಿತೀಯ ಅಲೆ! ನನಗೆ ಬಹಳ ಖುಷಿಯಾಯಿತು. ಆದರೆ ಅಲೆಗಳ ಬಗ್ಗೆ ನಾನು ಅವನಿಗೆ ಅಂಗಳದಲ್ಲೇ ಹೇಳಿಬಿಟ್ಟಿದ್ದೆನೇ ಎಂಬ ಅನುಮಾನ ಈಗ ಕಾಡುತ್ತದೆ.

“ನೀವೇನ್ ಮಾಡಿದ್ರಿ?” ಎಂದು ಸೋದರತ್ತೆಯನ್ನು ಕೇಳಿದೆ.

“ನಾನೇನ್ ಮಾಡ್ಲಿ? ಎಲ್ಲಾರೂ ಓಡಿದ್ರು, ನಾನೂ ಓಡಿದೆ.”

“ನೀವೊಬ್ಬರ ಓಡ್ಲಿಲ್ಲ, ಅತ್ತಿ,” ಎಂದ ಹುಡುಗ. “ಆಕಿ ಕೈ ಹಿಡ್ದು ಎಳಕೊಂಡು ಓಡಿದ್ರಿ. ನಾ ಇನ್ನಾ ಒಳಗ ಇದ್ದೆ.”

ಈ ಸಲ ಹುಡುಗನ ತಂದೆ ಬಹಿರಂಗವಾಗಿಯೇ ನಕ್ಕರು. “ಖರೆ, ನಾನೂ ನೋಡಿನಿ. ಸಾಕಿದ ಮಗನ್ನ ಬಿಟ್ಟು ಸೊಸೀನ ಉಳಿಸ್ಯಾಳ!”

“ಬಾಜೂಕ ಇದ್ಲು, ಹಿಡಕೊಂಡೆ,” ಎಂದು ಸೋದರತ್ತೆ ಸೆರಗು ಸರಿಮಾಡಿಕೊಂಡರು.

ಹುಡುಗಿಯನ್ನು ಈಗ ಕೇಳಿದರೆ ಬೇರೆಯದೇ ಹೇಳುತ್ತಾಳೆ. ಎಳೆದವಳು ತಾನು, ಅವರ ಮೊಣಕಾಲು ಹಿಡಿದುಕೊಂಡಿತ್ತು, ಏಳಲು ಆಗುತ್ತಿರಲಿಲ್ಲವಂತೆ. ಆಗಲೇ ಯಾಕೆ ಹೇಳಲಿಲ್ಲ ಎಂದರೆ, “ಹೇಳಿ ಕೆಲಸ ಕೆಡಿಸ್ಕೊಳ್ಳಲೇನು?” ಎನ್ನುತ್ತಾಳೆ. ಯಾರ ಕೈ ಯಾರನ್ನು ಹಿಡಿದಿತ್ತೋ ನಾನು ನೋಡಿಲ್ಲ. ನಾನು ಎಲ್ಲರಿಗಿಂತ ಮುಂದೆ ಓಡಿದ್ದೆ.

ಸೋದರತ್ತೆ ನನ್ನ ಕಡೆ ತಿರುಗಿದರು. “ಮತ್ತ ನಡುಗತೈತೇನು, ತಂಗಿ?”

ಸುಳ್ಳು ಹೇಳಲು ಅದು ಒಳ್ಳೆಯ ಸಮಯವಾಗಿತ್ತು. “ನಡುಗಬಹುದ್ರಿ. ಒಂದರ ಹಿಂದ ಸಣ್ಣ ಸಣ್ಣವು ಬರತಾವ, ಮರುಕಂಪನ ಅಂತೀವಿ. ಯಾವಾಗ ಅಂತ ಯಾರೂ ಹೇಳಾಕ ಆಗೂದಿಲ್ಲ.”

ಅವರು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹಂಗಾರ ಅದು ಬರೂದರಾಗ ಮುಗಸೂದು ಬಿಟ್ಟು ಕುಂತು ಏನ್ ನೋಡತೀರಿ? ಕರೀರಿ ಆಕೀನ. ಬಾರವ್ವಾ, ಬಾಯಿ ತಗಿ, ಜಲ್ದಿ!”

ಅವಸರದಲ್ಲಿ ಅವರು ಹಾಕಿದ್ದು ಚಿಟಿಕೆಯಲ್ಲ, ಹಿಡಿ. ಹುಡುಗಿ ಕೆಮ್ಮುತ್ತಲೇ ಅವರ ಕಾಲಿಗೆ ಬಿದ್ದಳು.