ಕೂತವರಿಗೆ ಮಾತ್ರ ಕುಂಕುಮದ ಬಣ್ಣ

ಕೊಳ್ಳೇಗಾಲದಲ್ಲಿ ನನ್ನ ಹೆಂಡತಿಯದು ಲಗ್ನಪತ್ರಿಕೆ ವಿನ್ಯಾಸ ಮಾಡಿಕೊಡುವ ಸಣ್ಣ ಅಂಗಡಿ. ಯಳಂದೂರಿನ ನನ್ನ ಕಚೇರಿಗೆ ರಜೆಯಿದ್ದಾಗ ಸಹಾಯಕ್ಕೆಂದು ಅಲ್ಲಿ ಹೋಗಿ ಕೂರುತ್ತೇನೆ. ಸಹಾಯವೆಂದರೆ ಟೀ ತರಿಸುವುದು, ಚಿಂತೆ ಮಾಡುವುದು. ಅಂಗಡಿಯ ಹಳೆಯ ಮಾನಿಟರ್ ಕೆಟ್ಟಾಗ ಅವಳು ಹೇಳಿದ್ದು ಇಷ್ಟೇ: “ಐಪಿಎಸ್ ಪ್ಯಾನಲ್‌ದು ತನ್ನಿ. ಯಾವ ಕಡೆ ನಿಂತು ನೋಡಿದ್ರೂ ಬಣ್ಣ ಒಂದೇ ಇರ್ಬೇಕು.”

ಕೇಳಿದ್ದನ್ನು ತಂದುಕೊಟ್ಟು ಸುಮ್ಮನಿರಬಹುದಿತ್ತು. ನಾನು ಫೋನಿನಲ್ಲಿ ಸಿಕ್ಕ ವಿಡಿಯೊಗಳನ್ನೆಲ್ಲ ನೋಡಿದೆ. ಐಪಿಎಸ್‌ನಲ್ಲಿ ಕಪ್ಪು ಬೂದಿಯಂತೆ ಕಾಣುತ್ತದಂತೆ, ಕತ್ತಲಲ್ಲಿ ಮೂಲೆಗಳು ಬೆಳ್ಳಗೆ ಹೊಳೆಯುತ್ತವಂತೆ. ವಿಎ ಎಂಬ ಇನ್ನೊಂದು ಬಗೆಯ ಪ್ಯಾನಲ್‌ನಲ್ಲಾದರೆ ಕಪ್ಪೆಂದರೆ ಕಾಡಿಗೆ ಕಪ್ಪು. ಪಕ್ಕದಿಂದ ನೋಡಿದರೆ ಬಣ್ಣ ತುಸು ಬಿಳಿಚಿಕೊಳ್ಳುತ್ತದೆ, ಅಷ್ಟೇ. ವಿಎ ತಂದೆ, ಅದೂ ಬಾಗಿದ ಪರದೆಯದು. ಲಗ್ನಪತ್ರಿಕೆಯಲ್ಲಿ ಕಪ್ಪಿಗೇನು ಕೆಲಸವೆಂದು ಅವಳು ಕೇಳಲಿಲ್ಲ. ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಬ್ಬನೇ ಸಿನಿಮಾ ನೋಡುವ ಆಸೆಯಿದೆಯೆಂದು ನಾನೂ ಹೇಳಲಿಲ್ಲ.

ನಮ್ಮ ಕಡೆ ಲಗ್ನಪತ್ರಿಕೆಯನ್ನು ಒಬ್ಬರೇ ಬಂದು ಒಪ್ಪುವುದಿಲ್ಲ. ಮನೆಮಂದಿಯೆಲ್ಲ ಪರದೆಯ ಸುತ್ತ ನಿಲ್ಲುತ್ತಾರೆ. ಹಿರಿಯರು ಹೂಂ ಎಂದ ಮೇಲೇ ಅಚ್ಚಿಗೆ. ಆ ವಾರವೇ ಬಂಡಳ್ಳಿಯಿಂದ ಮದುವೆ ಹುಡುಗಿಯ ತಂದೆಯೂ ದೊಡ್ಡಪ್ಪನೂ ಬಂದರು. ತಂದೆ ನನ್ನ ಹೆಂಡತಿಯ ಕುರ್ಚಿಯ ಹಿಂದೆ ನೇರಕ್ಕೆ ನಿಂತರು. ದೊಡ್ಡಪ್ಪನಿಗೆ ಸಿಕ್ಕಿದ್ದು ಗೋಡೆಯ ಬದಿ.

“ಕುಂಕುಮದ ಬಣ್ಣ ಆಕವ್ವಾ ಅಂದ್ರೆ ಇದ್ಯಾನವ್ವಾ, ಒಗ್ದು ಒಗ್ದು ಬೆಳ್ಳಗಾದ ಸೀರೆ ಇದ್ದಂಗದೆ!” ಎಂದರು ದೊಡ್ಡಪ್ಪ.

“ಕೆಂಪಗೇ ಅದೆ ಕಣಣ್ಣೋ,” ಎಂದರು ತಮ್ಮ.

“ಓ, ನಂಗೆ ಕಣ್ಣು ಕಾಣಾಕಿಲ್ಲ ಅನ್ನು. ನೀನೇ ಒಪ್ಕೊ. ನನ್ನ ಯಾಕ್ಲಾ ಬಸ್ ಅತ್ತಿಸ್ಕೊಂಡ್ ಬಂದೆ?”

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋಗಿಯೇಬಿಟ್ಟರು. ತಮ್ಮನ ಮುಖ ಇಳಿಯಿತು. ಪತ್ರಿಕೆಯಲ್ಲಿ ಮೊದಲು ಬರುವ ಹೆಸರಿನ ಅಣ್ಣನೇ ಮುನಿಸಿಕೊಂಡರೆ ಅದನ್ನು ಯಾವ ಮುಖದಿಂದ ಹಂಚುವುದು? ಕಣ್ಣು ಯಾರದೂ ಕೆಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಟೀ ಹೇಳಲು ಫೋನ್ ಎತ್ತಿಕೊಂಡೆ.

ಹೆಂಡತಿ ಎದ್ದಳು. “ಯಜಮಾನ್ರೇ, ಒಂದ್ನಿಮಿಷ ಇಲ್ಲಿ ಕೂತ್ಕಳಿ, ಸರಿ ಮಾಡ್ತೀನಿ.” ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಬಗ್ಗಿ ನಿಂತು ಮೌಸ್ ಆಡಿಸಿದಳು. ಬಣ್ಣವನ್ನು ಮುಟ್ಟಲೇ ಇಲ್ಲ.

“ಈಗ ಬಂತು ನೋಡು! ನಾ ಯೋಳುದ್ರೆ ಇವ್ನು ಕೇಳಾಕಿಲ್ಲ ಕಣವ್ವಾ.”

ಅಲ್ಲಿಂದ ಅದೇ ಪದ್ಧತಿಯಾಯಿತು. ಬಂದವರನ್ನೆಲ್ಲ ಸರದಿಯಂತೆ ಕುರ್ಚಿಯಲ್ಲಿ ಕೂರಿಸಿ, ಸೊಂಟ ನೋವಿನ ನನ್ನ ಹೆಂಡತಿ ಬಗ್ಗಿ ನಿಂತು ಕೆಲಸ ಮಾಡತೊಡಗಿದಳು. ತಡೆಯಲಾರದೆ ಒಂದು ಸಂಜೆ, ಬದಲಾಯಿಸಿಕೊಂಡು ಬರುತ್ತೇನೆ ಎಂದೆ.

“ಬಿಡ್ರಿ, ನಿಮಗೆ ಸಿನಿಮಾ ಚೆನ್ನಾಗಿ ಕಾಣುತ್ತಲ್ಲ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಮಾನಿಟರನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೊಂಡ ಅಂಗಡಿಗೇ ಹೋದೆ.

“ಯಾನ್ ಕೆಟ್ಟೋಗದೆ ಸಾ ಇದ್ರಲ್ಲಿ?” ಎಂದ ಅಂಗಡಿಯವನು.

“ಏನೂ ಕೆಟ್ಟಿಲ್ಲ. ನಾನೊಬ್ಬನೇ ಕೂತು ನೋಡೋಕೆ ತಗೊಂಡಿದ್ದೆ.”

ಅವನು ಒಂದು ಐಪಿಎಸ್ ಆನ್ ಮಾಡಿ, ಕೆಂಪು ಬಣ್ಣ ತುಂಬಿಸಿ ತೋರಿಸಿದ. ನಾನು ಎಡಕ್ಕೆ, ಬಲಕ್ಕೆ, ಗೋಡೆಯ ಬದಿಗೆ ಹೋಗಿ ನಿಂತು ನೋಡಿದೆ.

“ಯಾನ್ ಸಾ, ದೇವ್ರಿಗೆ ಸುತ್ತು ಬರಂಗೆ ಬತ್ತಿದ್ದೀರಿ?”

ಇನ್ನೊಂದು ಸುತ್ತು ಬಂದೆ.