ಕುಡಿಯದೆ ಕೆಳಗಿಟ್ಟ ಕಾಫಿ

ಹೋದ ವರ್ಷ ಫೆಬ್ರವರಿ, ಕುವೈತಿನ ರಾಷ್ಟ್ರೀಯ ದಿನದ ವಾರ. ಕಟ್ಟಡ, ಕಾರು, ಮಕ್ಕಳ ಕೆನ್ನೆ, ಎಲ್ಲಿ ನೋಡಿದರೂ ಬಾವುಟ. ನಾನು ಶರ್ಕ್‌ನ ಒಂದು ಅತ್ತರಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಊರು ಉಪ್ಪಿನಂಗಡಿ ಹತ್ತಿರ. ದೇವರು ನನಗೆ ಎತ್ತರ ಕೊಡಲಿಲ್ಲ, ತಲೆಗೂದಲನ್ನೂ ಕೊಟ್ಟ ಹಾಗೆ ಮಾಡಿ ವಾಪಸ್ ತೆಗೆದುಕೊಳ್ಳುತ್ತಿದ್ದಾನೆ. ಬೇರೆಯವರ ಗಂಟಲು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ. ಮಂಗಫ್‌ನ ನಮ್ಮ ರೂಮಿನಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ. ಮೈಸೂರಿನವರಾದ ನಮ್ಮ ಮ್ಯಾನೇಜರ್ ರಮೇಶ್ ಸರ್ ಅವರ "ಸೀ, ಬೇಸಿಕಲಿ..." ಶುರುಮಾಡಿದರೆ ನನ್ನ ರೂಮಿನವರು ಅನ್ನದ ತಟ್ಟೆ ಬಿಟ್ಟು ನಗುತ್ತಾರೆ.

ಆ ವರ್ಷ ಕಂಪೆನಿಯ ಪಾರ್ಟಿಯಲ್ಲಿ ನನ್ನದೊಂದು ಐಟಂ ಇತ್ತು. ಕುವೈತಿ ಯಜಮಾನನ ಹಾಗೆ ಬಿಳಿ ನಿಲುವಂಗಿ ತೊಟ್ಟು ಸ್ಟೇಜಿಗೆ ಬಂದು ನಗಿಸಬೇಕು. ಕಲಿಸಿದವನು ನನ್ನ ಜೊತೆ ಕೌಂಟರಿನಲ್ಲಿ ನಿಲ್ಲುವ ಫಹದ್.

ಫಹದ್ ಬಿದೂನ್. ಹಾಗೆಂದರೆ 'ಇಲ್ಲದೆ' ಎಂದರ್ಥ. ಪೌರತ್ವ ಇಲ್ಲದವರಿಗೆ ಇಲ್ಲಿ ಇರುವ ಹೆಸರು. ಅವನ ಅಜ್ಜ ಇದೇ ಮರಳಿನಲ್ಲಿ ಒಂಟೆ ಮೇಯಿಸಿದವರು. ಹೆಸರು ಬರೆಸುವ ಕಾಲದಲ್ಲಿ ಬರೆಸಲಿಲ್ಲ, ಅಷ್ಟೇ. ಅಪ್ಪ ಇಲ್ಲೇ ಹುಟ್ಟಿದರು, ಇವನೂ ಇಲ್ಲೇ ಹುಟ್ಟಿದ. ಇವನ ಅರಬಿ ಕೇಳಿದರೆ ಗಿರಾಕಿಗಳು ಬೇಡವೆಂದ ಅತ್ತರನ್ನೂ ಕೊಳ್ಳುತ್ತಿದ್ದರು. ಆದರೆ ಅವನ ಗುರುತಿನ ಕಾರ್ಡಿನ ಅವಧಿ ಮುಗಿದಿತ್ತು. ಅದು ನವೀಕರಣವಾಗದಿದ್ದರೆ ಕೆಲಸ ಹೋಗುತ್ತದೆ, ಪೌರತ್ವಕ್ಕೆ ಹಾಕಿದ ಅರ್ಜಿಯೂ ಅಲ್ಲೇ ಕೊಳೆಯುತ್ತದೆ. ನಮ್ಮ ಅರಬಾಬ್, ಅಂದರೆ ಮಾಲೀಕ, ಒಂದು ಫೋನ್ ಮಾಡಿದರೆ ಆಗುವ ಕೆಲಸ. "ಪಾರ್ಟಿಗೆ ಬಾ, ಡೈರೆಕ್ಟಾಗಿ ಕೇಳು" ಎಂದು ರಮೇಶ್ ಸರ್ ಅವನಿಗೆ ಹೇಳಿದ್ದರು.

ತಲೆವಸ್ತ್ರದ ತುದಿಯನ್ನು ಹೆಗಲಿಗೆ ಹೇಗೆ ಎಸೆಯಬೇಕು, ಕಾಫಿಯ ಪುಟ್ಟ ಕಪ್ಪನ್ನು ಬಲಗೈಯಲ್ಲೇ ಯಾಕೆ ಹಿಡಿಯಬೇಕು, ಎಲ್ಲವನ್ನೂ ಫಹದ್ ಗೋಡೌನಿನಲ್ಲಿ ನಿಂತು ಕಲಿಸಿದ. ಕಪ್ಪು ಅಲ್ಲಾಡಿಸಿದರೆ ಸಾಕು ಎಂದರ್ಥ. ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ.

"ಕುಡಿಯದೆ ಕೆಳಗಿಟ್ಟರೆ?" ಎಂದು ಕೇಳಿದೆ.

ಅವನ ನಗು ನಿಂತಿತು. "ಅದು ತಮಾಷೆಯಲ್ಲ, ಭಾಯಿ. ಬಂದವನಿಗೆ ಏನೋ ಬೇಡಿಕೆ ಇದೆ ಅಂತ ಅರ್ಥ. ಮನೆಯವನು 'ಅಬ್‌ಶಿರ್, ಕುಡಿ' ಅನ್ನಬೇಕು. ನೀನು ಕೇಳಿದ್ದು ಆಯಿತೆಂದೇ ತಿಳಿ ಅಂತ. ಅಂದಮೇಲೆ ಮಾಡಲೇಬೇಕು. ಮಾಡದಿದ್ದರೆ ಅವನ ಮರ್ಯಾದೆ ಹೋಯಿತು."

ಪಾರ್ಟಿಯ ಸಂಜೆ ಹಾಲ್‌ನ ಬಾಗಿಲಲ್ಲಿ ಎಲ್ಲರ ಕಾರ್ಡು ನೋಡುತ್ತಿದ್ದರು. ನನ್ನ ಕಾರ್ಡಿಗೆ ಯಂತ್ರ ಟಿಣ್ ಅಂದಿತು. ಫಹದ್‌ನದಕ್ಕೆ ಕೆಂಪು ದೀಪ.

"ಸರ್, ಇವನನ್ನು ಒಳಗೆ ಬಿಡ್ಲಿಕ್ಕೆ ಹೇಳಿ. ನೀವೇ ಅಲ್ವಾ ಬಾ ಅಂತ ಹೇಳಿದ್ದು?" ಎಂದೆ.

ರಮೇಶ್ ಸರ್ ಟೈ ಸರಿಮಾಡಿಕೊಂಡರು. "ಸೀ, ಬೇಸಿಕಲಿ ಇದು ಸೆಕ್ಯುರಿಟಿ ಇಶ್ಯೂ ಕಣಪ್ಪಾ. ಇವತ್ತು ನ್ಯಾಷನಲ್ ಡೇ ಫಂಕ್ಷನ್ನು. ಸುಮ್ನೆ ಸೀನ್ ಕ್ರಿಯೇಟ್ ಮಾಡ್ಬೇಡ, ನಿನ್ನ ಐಟಂ ನೆಕ್ಸ್ಟು."

"ಇವನ ದೇಶದ ಹಬ್ಬಕ್ಕೆ ಇವನೇ ಹೊರಗೆ, ನಾನು ಒಳಗಾ ಸರ್?"

"ಹೋಗೋ ಮಾರಾಯಾ, ಅಂತ ನಿಮ್ಮ ಕಡೆಯವ್ರು ಹೇಳ್ತಾರಲ್ಲ, ಹಾಗೆ. ಹೋಗು." ಅವರೂ ಅಣಕಿಸಬಲ್ಲರು ಎಂದು ಆಗ ಗೊತ್ತಾಯಿತು. ಚೆನ್ನಾಗಿರಲಿಲ್ಲ.

ಫಹದ್ ನನ್ನ ಬೆನ್ನು ತಟ್ಟಿ, "ಯಲ್ಲಾ, ಹೋಗು. ನಾನು ಇಲ್ಲೇ ಇರ್ತೇನೆ" ಎಂದ.

ಸ್ಟೇಜಿನಲ್ಲಿ ನಾನು ತಲೆವಸ್ತ್ರ ಎಸೆದೆ, ಗಡ್ಡ ನೀವಿದೆ, ಇಲ್ಲದ ಹೊಟ್ಟೆ ಮುಂದೆ ಮಾಡಿ ನಡೆದೆ. ಮುಂದಿನ ಸಾಲಿನಲ್ಲಿದ್ದ ಅರಬಾಬ್ ಕಣ್ಣೊರೆಸಿಕೊಂಡು ನಕ್ಕರು. ಖುಷಿಯಾಗಿ, ನಿಜವಾದ ಯಜಮಾನನಿಗೆ ಕೊಡುವ ಹಾಗೆ, ತಾವೇ ಕಾಫಿ ಬಗ್ಗಿಸಿ ಸ್ಟೇಜಿಗೆ ಕಳಿಸಿದರು.

ನಾನು ಕಪ್ಪು ತೆಗೆದುಕೊಂಡೆ. ಕುಡಿಯದೆ ನೆಲದ ಮೇಲಿಟ್ಟೆ.

ಕುವೈತಿಗಳು ಕುಳಿತ ಸಾಲುಗಳು ಒಮ್ಮೆಲೇ ನಿಶ್ಶಬ್ದವಾದವು. ನಮ್ಮವರು ಮಾತ್ರ ಏನೆಂದು ತಿಳಿಯದೆ ಇನ್ನೂ ನಗುತ್ತಿದ್ದರು. ಅರಬಾಬ್ ಪಕ್ಕದಲ್ಲಿದ್ದ ಮುದುಕರೊಬ್ಬರ ಕೈಯಲ್ಲಿ ಜಪಮಣಿ ನಿಂತಿತು. ಅರಬಾಬ್ ಎದ್ದುನಿಂತರು, ಎದೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ, "ಅಬ್‌ಶಿರ್! ಕುಡಿ!" ಎಂದರು.

ಒಂದೇ ಗುಟುಕಿಗೆ ಕುಡಿದೆ. ಮೈಕಿಗೆ ಬಾಯಿಟ್ಟಾಗ ಯಜಮಾನನ ಗಂಟಲು ಎಲ್ಲಿ ಹೋಯಿತೋ! ನನ್ನ ಉಪ್ಪಿನಂಗಡಿ ಅರಬಿಯೇ ಹೊರಬಂತು. "ಇದನ್ನೆಲ್ಲ ಕಲಿಸಿದ ಫಹದ್ ಬಾಗಿಲ ಹೊರಗೆ ನಿಂತಿದ್ದಾನೆ. ಅವನ ಕಾರ್ಡು ಮುಗಿದಿದೆ. ನೀವೊಂದು ಮಾತು ಹೇಳಬೇಕು. ಇದೇ ನನ್ನ ಬೇಡಿಕೆ."

ಅರಬಾಬ್ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. "ನೋಡಿ, ಆ ಬಿದೂನ್‌ಗಿಂತ ಈ ಹಿಂದಿಯೇ ಒಳ್ಳೆಯ ಕುವೈತಿ!"

ಹಿಂದಿ ಅಂದರೆ ಇಂಡಿಯಾದವ, ನಾನು. ಹಾಲ್ ಇಡೀ ನಕ್ಕಿತು. ದಿನಬೆಳಗಾದರೆ ವಾಸದ ಪರವಾನಗಿ ಇಕಾಮಾ, ವೀಸಾ ಕೊಟ್ಟ ಧಣಿ ಕಫೀಲ್ ಎಂದು ಅಳುವ ನಮ್ಮವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ರಮೇಶ್ ಸರ್ ಮೈಕ್ ಕಿತ್ತುಕೊಂಡು "ವಾಟ್ ಎ ಪರ್ಫಾರ್ಮೆನ್ಸ್!" ಎಂದು ನನ್ನ ಕೈಗೊಂದು ಗಿಫ್ಟ್ ಡಬ್ಬ ತುರುಕಿದರು. ಆ ಮುದುಕರು ಮಾತ್ರ ನಗಲಿಲ್ಲ. ಕಾಫಿ ಬಗ್ಗಿಸಲು ಬಂದವನ ಮುಂದೆ ಕಪ್ಪು ಅಲ್ಲಾಡಿಸಿ, ಎದ್ದು ಹೊರಟುಹೋದರು.

ಹೊರಗೆ ಫಹದ್ ಬಾವುಟ ಹೊದ್ದ ಯಾರದೋ ಕಾರಿಗೆ ಒರಗಿದ್ದ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿತ್ತು.

"ಅಬ್‌ಶಿರ್ ಅಂದ್ರು ಭಾಯಿ. ಎಲ್ಲರ ಮುಂದೆ ಅಂದ್ರು!" ಎಂದೆ. ನನಗೆ ಸಿಟ್ಟಿನಲ್ಲಿ ಅಳು ಬರುತ್ತಿತ್ತು.

"ನನ್ನ ಅಜ್ಜನಿಗೂ ಅಂದಿದ್ರು. ಅಪ್ಪನಿಗೂ ಅಂದಿದ್ರು" ಎಂದ ಅವನು. ಆಮೇಲೆ ನನ್ನ ತಲೆವಸ್ತ್ರಕ್ಕೆ ಕೈಹಾಕಿ, "ಓರೆಯಾಗಿದೆ, ತಾಳು" ಎಂದು ಸರಿಮಾಡಿದ.

ರಂಜಾನ್ ಬರುವ ಹೊತ್ತಿಗೆ ಕೌಂಟರಿನಲ್ಲಿ ಫಹದ್ ಇರಲಿಲ್ಲ. "ಸೀ, ಬೇಸಿಕಲಿ ಕಾರ್ಡ್ ಇಲ್ದೆ ನಾವೇನ್ ಮಾಡಕ್ಕಾಗುತ್ತೆ?" ಎಂದರು ರಮೇಶ್ ಸರ್. ಅರಬಾಬ್ ಫೋನ್ ಮಾಡಿದರೇ ಎಂದು ಕೇಳಿದೆ. "ಯಾವ ಫೋನು? ಅದು ಸ್ಕಿಟ್ ಅಲ್ವೇನೋ?" ಎಂದರು.

ನನ್ನ ಇಕಾಮಾ ಮುಗಿದರೆ ನನ್ನನ್ನು ಓಡಿಸಲಿಕ್ಕೆ ಒಂದು ದೇಶ ಉಂಟು. "ನಿನ್ನ ಊರಿಗೆ ಹೋಗು" ಎಂದು ಬೈದರೆ ಹೋಗಿ ಮಲಗಲು ಉಪ್ಪಿನಂಗಡಿ ಉಂಟು. ಫಹದ್‌ನನ್ನು ಎಲ್ಲಿಗೆ ಓಡಿಸುತ್ತಾರೆ? ಅವನು ನಿಂತದ್ದೇ ಅವನ ಊರಿನಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ರೂಮಿನಲ್ಲಿ ಈಗಲೂ ಅಣಕ ನಡೆಯುತ್ತದೆ. ರಮೇಶ್ ಸರ್ ಬರುತ್ತಾರೆ, ಗಿಫ್ಟ್ ಡಬ್ಬ ಹಿಡಿದು ಬೆಪ್ಪಾಗಿ ನಿಂತ ನಾನೂ ಬರುತ್ತೇನೆ. "ಎಂತ ಮಾರಾಯ, ಅರಬಾಬ್‌ನದ್ದು ಒಂದು ಮಾಡು" ಎಂದು ಗೆಳೆಯರು ಪೀಡಿಸುತ್ತಾರೆ. ಆ ಗಂಟಲು ನನಗೆ ಬರುವುದಿಲ್ಲ ಎನ್ನುತ್ತೇನೆ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ 'ಅಬ್‌ಶಿರ್' ಎಂಬ ಮಾತನ್ನು ತಮಾಷೆಗೆ ಹೇಳುವವರು ಈಗಾಗಲೇ ಒಬ್ಬರಿದ್ದಾರೆ. ಅಷ್ಟು ಸಾಕು.