ಶಬ್ದ ಅಳೆದ ದಿನ

ಬೆಳ್ಳಾರೆ ಪೇಟೆಯಲ್ಲಿ ಶೀಲಾವತಿಯನ್ನು ಬಾಯಿಬಡುಕಿ ಎನ್ನದವರು ಕಡಿಮೆ. ಅವಳು ಅಂಗಳದಲ್ಲಿ ಮಾತಾಡಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಗಂಡ ಕುಶಾಲಪ್ಪ ಪುತ್ತೂರು ಲೈನಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಸೀಟಿ ಊದುವುದಕ್ಕಿಂತ ಬಸ್ಸಿನ ತಗಡಿಗೆ ಬಡಿಯುವುದೇ ಅವನಿಗೆ ಇಷ್ಟ. ಒಂದು ಬಡಿದರೆ ನಿಲ್ಲಬೇಕು, ಎರಡು ಬಡಿದರೆ ಹೊರಡಬೇಕು. ಇಂಥ ಇಬ್ಬರು ಸೇರಿದ ಮನೆ ಹೇಗಿದ್ದೀತು, ನೀವೇ ಊಹಿಸಿ.

ಆ ಮನೆಯ ಗದ್ದಲ ಅಡಗಿದ್ದು ಕುಶಾಲಪ್ಪನಿಗೆ ಸ್ಟ್ರೋಕ್ ಆದ ಮೇಲೆ. ಐವತ್ತು ದಾಟಿದ್ದಷ್ಟೆ, ಬಲಗೈ, ಬಲಗಾಲು ಬಿದ್ದುಹೋಯಿತು, ಮಾತೂ ನಿಂತಿತು. ಉಳಿದದ್ದು ಎಡಗೈ. ಮಂಚದ ಪಕ್ಕದ ಹಳೆಯ ತಗಡಿನ ಟ್ರಂಕಿಗೆ ಅವನು ಒಂದು ಬಡಿದರೆ 'ಬಾ', ಎರಡು ಬಡಿದರೆ 'ಆಯ್ತು, ಹೋಗು'. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರೂ ಶೀಲಾವತಿ ಒಂದೇ ಬಡಿತಕ್ಕೆ ಓಡಿ ಬರುತ್ತಿದ್ದಳು. "ಎಂತ, ಸ್ಟಾಪ್ ಬಂತಾ?" ಎಂದು ಕೇಳಿದರೆ ಅವನ ಬಾಯಿಯ ಒಂದು ಬದಿ ನಗುತ್ತಿತ್ತು.

ಆದರೆ ದೊಡ್ಡ ಸದ್ದು ಅವನಿಗೆ ಆಗುತ್ತಿರಲಿಲ್ಲ. ಎದುರಿನ ಮೈದಾನದಲ್ಲಿ ಮದುವೆಗೆ ಡಿಜೆ ಹಾಕಿದ ದಿನ ಮೈಯೆಲ್ಲ ನಡುಗಿ, ಮಗುವಿನ ಹಾಗೆ ಅತ್ತಿದ್ದ. ಅದೇ ಮೈದಾನದಲ್ಲಿ ಸಮುದಾಯ ಭವನ ಕಟ್ಟುತ್ತಾರೆ ಎಂಬ ಸುದ್ದಿ ಶೀಲಾವತಿಯ ಕಿವಿಗೆ ಬಿತ್ತು. ಭವನ ಎಂದರೆ ಮದುವೆ, ಮೆಹಂದಿ, ಮೈಕ್. ಅವಳು ಪಂಚಾಯತಿಗೆ ಹೋಗಿ ಗಲಾಟೆ ಎಬ್ಬಿಸಿದಳು. ಕಡೆಗೆ ವಾರ್ಡಿನ ಸದಸ್ಯ ಅಚ್ಚುತನೇ ದಾರಿ ಹೇಳಿದ.

"ಶಬ್ದ ಅಳೀಲಿಕ್ಕೆ ನಿಮ್ಮ ಅಂಗಳಕ್ಕೇ ಜನ ಬರ್ತಾರೆ ಶೀಲಕ್ಕ. ಇಲ್ಲಿ ಈಗ ಎಷ್ಟು ಶಬ್ದ ಉಂಟು ನೋಡಿ, ಹೊರಗೆ ಮೈಕ್ ಬಿಡುದಾ ಬೇಡ್ವಾ ಅಂತ ಬರೀತಾರೆ. ಮೊದಲೇ ಗದ್ದಲದ ಜಾಗ ಆದ್ರೆ ಯಾರೂ ತಲೆಬಿಸಿ ಮಾಡ್ಲಿಕ್ಕಿಲ್ಲ."

ಅಷ್ಟು ಸಾಕಾಯಿತು. ಮನೆಗೆ ಜನ ಬರುತ್ತಾರೆಂದರೆ ಅಂಗಳ ಗುಡಿಸುವುದು ನಮ್ಮವರ ಹುಟ್ಟುಗುಣ. ಶೀಲಾವತಿ ಸದ್ದನ್ನೂ ಗುಡಿಸಿ ಹಾಕಲು ಹೊರಟಳು. ಹುಂಜವನ್ನು ತಂಗಿಯ ಮನೆಗೆ ಸಾಗಿಸಿದಳು. ನೆರೆಮನೆಗಳಿಗೆಲ್ಲ ಹೋಗಿ, ಆ ದಿನ ಮಿಕ್ಸಿ ಹಾಕಬೇಡಿ, ಟಿವಿ ಹಚ್ಚಬೇಡಿ ಎಂದು ಬೇಡಿಕೊಂಡಳು. ಮೀನು ಮಾರುವ ಹನಾನ್‌ನ ಸ್ಕೂಟರ್ ತಡೆದು ಕೈಮುಗಿದಳು.

"ಆಯ್ತಕ್ಕ, ಹಾರ್ನ್ ಹಾಕುದಿಲ್ಲ," ಎಂದ ಅವನು. "ಕುಶಾಲಣ್ಣನಿಗೆ ಬೇಕಾಗಿ ಅಲ್ವಾ."

ಅಳೆಯಲು ಬಂದವಳು ಪ್ರೀತಿಕಾ ಎಂಬ ಹುಡುಗಿ. ಅಂಗಳದ ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮಿಷನ್ ಕೂರಿಸಿ, "ನೀವು ದಿನಾ ಹೇಗಿರ್ತೀರೋ ಹಾಗೇ ಇರಿ ಅಮ್ಮ," ಎಂದಳು. ಶೀಲಾವತಿ ತಲೆಯಾಡಿಸಿ ಒಳಗೆ ಹೋದಳು. ದಪ್ಪ ಕಂಬಳಿಯನ್ನು ಮಡಚಿ ಟ್ರಂಕಿನ ಮೇಲೆ ಹಾಸಿದಳು.

"ಸಂಜೆವರೆಗೆ ಮಾತ್ರ," ಎಂದು ಗಂಡನ ಕಿವಿಯಲ್ಲಿ ಹೇಳಿದಳು. "ನಿಮಗೇ ಬೇಕಾಗಿ ಮಾಡುದು. ನಾನು ಬಂದು ನೋಡ್ತಾ ಇರ್ತೇನೆ."

ಅವನು ಕಂಬಳಿಯ ಮೇಲೆ ಎರಡು ಬಡಿದ. ಸದ್ದೇ ಬರಲಿಲ್ಲ.

ಅವಳು ಬಂದು ನೋಡಿದ್ದೂ ನಿಜ. ಮಧ್ಯಾಹ್ನ ಗಂಜಿ ಕುಡಿಸಿ, ಮುಖ ಒರೆಸಿ, ಮತ್ತೆ ಗೇಟಿನ ಹತ್ತಿರ ಹೋಗಿ ನಿಂತಳು. ರಿಕ್ಷಾದವರಿಗೆ ಕೈಸನ್ನೆ ಮಾಡಿದಳು. ಶಾಲೆ ಬಿಟ್ಟು ಬರುವ ಮಕ್ಕಳಿಗೆ ತುಟಿಗೆ ಬೆರಳಿಟ್ಟು ತೋರಿಸಿದಳು. ಜನ್ಮದಲ್ಲಿ ಬಾಯಿ ಮುಚ್ಚದ ಹೆಂಗಸು ಊರಿನ ಬಾಯಿ ಮುಚ್ಚಿಸುವುದನ್ನು ಕಂಡು ಪೇಟೆಯವರಿಗೆ ನಗು. ಅವಳೂ ನಕ್ಕಳು. ಗೆದ್ದೆ ಎಂಬ ಆ ಸಂತೋಷದಲ್ಲಿ ಒಳಗೆ ಹೋಗುವುದು ತಡವಾಯಿತು.

ಹೋದಾಗ ಕುಶಾಲಪ್ಪನ ತಲೆ ಮಂಚದಿಂದ ಹೊರಗೆ ವಾಲಿತ್ತು. ಎಡಗೈ ಕಂಬಳಿಯ ಮೇಲೇ ಇತ್ತು, ಕಂಬಳಿ ಅಸ್ತವ್ಯಸ್ತವಾಗಿತ್ತು. ಎಷ್ಟು ಸಲ ಬಡಿದನೋ, ಪಾಪ. ಬೆರಳುಗಳು ಇನ್ನೂ ಬೆಚ್ಚಗಿದ್ದವು. ಅವಳು ಕೂಗಿದ ಕೂಗಿಗೆ ಪ್ರೀತಿಕಾ ಓಡಿ ಬಂದಳು, ಪೇಟೆಯೇ ಓಡಿ ಬಂತು.

ಹತ್ತಿರ ಇದ್ದಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರು ಸಮಾಧಾನ ಹೇಳಿದರು. ಆ ಸಮಾಧಾನದಿಂದ ಅವಳಿಗೆ ಒಂದು ರಾತ್ರಿಯ ನಿದ್ದೆಯೂ ಸಿಗಲಿಲ್ಲ. ನೀರು ಕೇಳಿದ್ದಿರಬಹುದು, ಉಸಿರು ಕಟ್ಟಿ ಕರೆದದ್ದಿರಬಹುದು, ಸುಮ್ಮನೆ ಮುಖ ನೋಡಬೇಕೆನಿಸಿದ್ದಿರಬಹುದು. ಯಾವುದೆಂದು ಇನ್ನು ಯಾರನ್ನು ಕೇಳುವುದು?

ಉತ್ತರಕ್ರಿಯೆ ಮುಗಿದ ಮೇಲೆ ಅಚ್ಚುತ ಬಂದು ಜಗಲಿಯಲ್ಲಿ ಕೂತ.

"ವರದಿ ಬಂತು ಶೀಲಕ್ಕ. ಇದು ಶಾಂತ ಇರುವ ಜಾಗ ಅಂತ ಬರ್ದಿದ್ದಾರೆ. ಭವನದ ಹೊರಗೆ ಮೈಕ್ ಇಡ್ಲಿಕ್ಕಿಲ್ಲ. ಈಚೆ ಬದಿಗೆ ಎತ್ತರದ ಗೋಡೆ ಕಟ್ಟಬೇಕು. ನೀವು ಹೇಳಿದ್ದೇ ಆಯ್ತು."

ಶೀಲಾವತಿ ಖಾಲಿ ಮಂಚದ ಕಡೆ ನೋಡುತ್ತಿದ್ದಳು.

"ಆ ಮಿಷನ್ನಿಗೆ ಎಲ್ಲ ಕೇಳ್ತದಲ್ಲ ಅಚ್ಚುತಣ್ಣ," ಎಂದಳು. "ಇವರು ಕರೆದದ್ದು ಅದಕ್ಕಾದರೂ ಕೇಳಿತ್ತಾ? ಆ ಹುಡುಗಿ ಹತ್ರ ಒಮ್ಮೆ ವಿಚಾರಿಸ್ತೀರಾ?"

ಇಲ್ಲವೆನ್ನಲು ಅಚ್ಚುತನಿಗೆ ಬಾಯಿ ಬರಲಿಲ್ಲ. ವಿಚಾರಿಸುತ್ತೇನೆ ಎಂದ.